ಎಂಬತ್ತೆರಡು ಮಾರ್ಕಿನ ಕಾಫಿ

ಪರಮೇಶ್ವರಪ್ಪನ ನಾಲಿಗೆಗೆ ಸರ್ಟಿಫಿಕೇಟ್ ಸಿಕ್ಕಿದಾಗ ಆ ನಾಲಿಗೆಗೆ ಅರವತ್ತೊಂದು ವರ್ಷವಾಗಿತ್ತು. ಅಲ್ಲಿಯವರೆಗೆ ಅದು ಊರವರ ನಾಲಿಗೆಗಳಂತೆಯೇ ಮೂರು ಹೊತ್ತು ಉಂಡುಕೊಂಡು, ಹೆಂಡತಿ ವಿಶಾಲಮ್ಮನ ಎದುರು ಸುಮ್ಮನಿದ್ದುಕೊಂಡು, ಯಾರಿಗೂ ತೊಂದರೆ ಕೊಡದೆ ಬದುಕಿತ್ತು. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತಮೂರು ವರ್ಷ ಗುಮಾಸ್ತನಾಗಿದ್ದು, ಚೀಲಕ್ಕೆ ಕೈ ಹಾಕಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ದರ್ಜೆ ಹೇಳಿದವನು, ನಿವೃತ್ತನಾದ ಮೇಲೆ ದರ್ಜೆ ಹೇಳಲು ಏನೂ ಇಲ್ಲದೆ ಒದ್ದಾಡಿದ. ತಾನಿದ್ದ ಹೊಸಮನೆ ಬಡಾವಣೆಯ ಬೀದಿನಾಯಿಗಳನ್ನು ಒಂದೆರಡು ತಿಂಗಳು ಮನಸ್ಸಿನಲ್ಲೇ ವಿಂಗಡಿಸಿ ನೋಡಿದ. ತೃಪ್ತಿಯಾಗಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಚಿಕ್ಕಮಗಳೂರಿಗೆ ಹೋಗಿ, ಕಾಫಿಯ ರುಚಿ ನೋಡುವ ಮೂರು ದಿನದ ತರಬೇತಿ ಮುಗಿಸಿ ಬಂದ.

ಸರ್ಟಿಫಿಕೇಟಿನಲ್ಲಿ ಇದ್ದದ್ದು ‘ಭಾಗವಹಿಸಿದ್ದಾರೆ’ ಎಂಬ ಒಂದೇ ಮಾತು. ಪಾಸಾಗಿದ್ದಾರೆಂದು ಎಲ್ಲಿಯೂ ಬರೆದಿರಲಿಲ್ಲ. ಆದರೆ ಗಾಂಧಿ ಬಜಾರಿನಲ್ಲಿ ಚಿನ್ನದ ಬಣ್ಣದ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿಗೇ ನೇತುಹಾಕಿದ ಮೇಲೆ ಯಾರು ಅಷ್ಟು ಹತ್ತಿರ ಹೋಗಿ ಓದುತ್ತಾರೆ? ವಿಶಾಲಮ್ಮ ಮಾತ್ರ ಬೆಳಿಗ್ಗೆ ಊದುಬತ್ತಿ ಬೆಳಗುವಾಗ ಆ ಪಟದ ಮುಂದೆ ಕೈಯನ್ನು ಕೆಳಗಿಳಿಸಿ, ದಾಟಿದ ಮೇಲೆ ಮತ್ತೆ ಎತ್ತುತ್ತಿದ್ದಳು.

ಕಾಫಿಯನ್ನು ಕುಡಿಯುವ ಕ್ರಮ ಬೇರೆ, ಪರೀಕ್ಷಿಸುವ ಕ್ರಮ ಬೇರೆ. ಮೊದಲು ಮೂಗನ್ನು ಲೋಟದೊಳಗೆ ಇಳಿಸಬೇಕು. ಆಮೇಲೆ ಚಮಚದಲ್ಲಿ ಎತ್ತಿ ಸೊರ್ರೆಂದು ಎಳೆಯಬೇಕು; ಸದ್ದು ದೊಡ್ಡದಾದಷ್ಟೂ ಕಾಫಿ ನಾಲಿಗೆಯ ಮೂಲೆಮೂಲೆಗೆ ಹೋಗುತ್ತದೆ. ಬಾಯಲ್ಲಿ ಹೊರಳಿಸಿ ಹುಳಿ ಎಷ್ಟು, ಕಹಿ ಎಷ್ಟು, ಗಟ್ಟಿತನ ಎಷ್ಟು, ಗೋಣಿಚೀಲದ ವಾಸನೆ ಹಿಡಿದಿದೆಯೇ ಎಂದು ನೋಡಿ ನೂರಕ್ಕೆ ಇಷ್ಟು ಎಂದು ಮಾರ್ಕು ಹಾಕಬೇಕು. ಮುಖ್ಯವಾಗಿ, ನುಂಗಬಾರದು. ದಿನಕ್ಕೆ ನಲವತ್ತು ಲೋಟ ನೋಡುವ ಪರೀಕ್ಷಕರು ನುಂಗುತ್ತ ಕೂತರೆ ಸಂಜೆಯೊಳಗೆ ಆಸ್ಪತ್ರೆ ಸೇರಬೇಕಾಗುತ್ತದೆ. ಆದ್ದರಿಂದ ಅವರು ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಪರಮೇಶ್ವರಪ್ಪ ದಿನಕ್ಕೆ ನೋಡುತ್ತಿದ್ದದ್ದು ಎರಡು ಲೋಟ. ಆದರೂ ಮೂರು ದಿನದಲ್ಲಿ ಅವನು ಚೊಕ್ಕವಾಗಿ ಕಲಿತದ್ದು ಉಗುಳುವುದನ್ನೇ.

ಇಷ್ಟರಲ್ಲಿ ಮಗಳು ಲಿಖಿತಾ ಬಂದು ತಾನು ಭದ್ರಾವತಿಯ ಯುವರಾಜನನ್ನು ಮದುವೆಯಾಗುವುದಾಗಿ ಹೇಳಿದಳು. ಹುಡುಗ ಐಟಿಐನಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರು. ತಂದೆ ಹೊನ್ನಯ್ಯ ಕಾರ್ಖಾನೆಯ ಕುಲುಮೆಯಲ್ಲಿ ದುಡಿದು ನಿವೃತ್ತನಾದವನು. ಒಳ್ಳೆಯ ಜನ, ಒಳ್ಳೆಯ ಹುಡುಗ, ಇದ್ದದ್ದು ಜಾತಿಯ ಪ್ರಶ್ನೆಯೊಂದೇ. ಪರಮೇಶ್ವರಪ್ಪನ ಮನೆತನದವರು ಕುಂಸಿ ಕಡೆಯ ಜಮೀನುದಾರರು. ಹೊನ್ನಯ್ಯನ ಅಪ್ಪ ಅಂಥವರ ಹೊಲದಲ್ಲಿ ದುಡಿದು, ಅಂಥವರ ಜಗಲಿಯಿಂದ ಮಾರು ದೂರ ನಿಂತು, ಮೇಲಿನಿಂದ ಹೊಯ್ದ ಕಾಫಿಯನ್ನು ತೆಂಗಿನ ಚಿಪ್ಪಿನಲ್ಲಿ ಹಿಡಿದು ಕುಡಿದವನು.

ಪರಮೇಶ್ವರಪ್ಪನ ಅಣ್ಣ ಶೇಷಪ್ಪ ಸಮಾಜದ ಸಂಘಕ್ಕೆ ಅಧ್ಯಕ್ಷ. ಸುದ್ದಿ ಕೇಳಿದ ದಿನವೇ ಬಂದು ಇದು ನಡೆಯಕೂಡದೆಂದು ಹೇಳಿ ಹೋಗಿದ್ದ. ತಮ್ಮನನ್ನು ಓದಿಸಿದವನು, ಮಂಡಿಯಲ್ಲಿ ಕೆಲಸ ಕೊಡಿಸಿದವನು ಆ ಅಣ್ಣನೇ. ಅವನ ಮುಂದೆ ಪರಮೇಶ್ವರಪ್ಪ ಇವತ್ತಿಗೂ ಕಾಲು ಮೇಲೆ ಕಾಲು ಹಾಕಿ ಕೂತವನಲ್ಲ. ಅಂಥವನು ಈ ಸಲ ಮಾತ್ರ, ಮಗಳು ಒಪ್ಪಿದ ಮೇಲೆ ಮುಗಿಯಿತು ಎಂದುಬಿಟ್ಟ. ತನ್ನ ದೊಡ್ಡ ಮನಸ್ಸನ್ನು ಕಂಡು ತಾನೇ ಬೆರಗಾಗಿ, ಹಾಲಿನ ಬೂತಿನ ಹತ್ತಿರ ಮೂರು ಜನಕ್ಕೆ ಅದನ್ನು ವಿವರಿಸಿ ಬಂದ. ಭಾನುವಾರ ಭದ್ರಾವತಿಗೆ ಹೋಗುವುದು, ಅವರ ಮನೆಯಲ್ಲಿ ಕೂತು ಕಾಫಿ ಕುಡಿಯುವುದು ಎಂದು ತೀರ್ಮಾನವಾಯಿತು. ಅವರ ಮನೆಯ ಕಾಫಿ ಇವರ ಗಂಟಲಿನಲ್ಲಿ ಇಳಿದರೆ ಉಳಿದ ಮಾತುಕತೆ ತಾನಾಗಿ ಇಳಿಯುತ್ತದೆಂದು ಎರಡೂ ಕಡೆಯವರಿಗೆ ಗೊತ್ತಿತ್ತು.

ಹುಲಿಗೆಮ್ಮನಿಗೂ ಗೊತ್ತಿತ್ತು. ಹೊನ್ನಯ್ಯನ ಹೆಂಡತಿಯಾದ ಅವಳು ನಾಲ್ಕು ದಿನದಿಂದ ಬೇರೆ ಯೋಚನೆಯನ್ನೇ ಮಾಡಿರಲಿಲ್ಲ. ಚಿಕೋರಿ ಬೆರೆಸದ ಪುಡಿ ತರಿಸಿದ್ದಳು. ಪಕ್ಕದ ಮನೆಯ ತಮಿಳಮ್ಮನಿಂದ ಹಿತ್ತಾಳೆಯ ಫಿಲ್ಟರ್ ತಂದಿದ್ದಳು. ಭಾನುವಾರ ಹತ್ತೂವರೆಗೆ ಪರಮೇಶ್ವರಪ್ಪ, ವಿಶಾಲಮ್ಮ, ಲಿಖಿತಾ ಮೂವರೂ ಬಂದು ಕೂತಾಗ ಬೀದಿಗೆ ಬೀದಿಯೇ ಕಿಟಕಿಯಲ್ಲಿತ್ತು. ಬಟ್ಟೆ ಒಣಗಿಸುವವರು ಒಣಗಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದರು. ಒಬ್ಬ ಮುದುಕ ಬಾಗಿಲ ಚೌಕಟ್ಟಿಗೆ ಒರಗಿ, ಒಳಗೆ ಬನ್ನಿ ಎಂದರೂ ಬರದೆ, ಪರಮೇಶ್ವರಪ್ಪನ ಗಂಟಲನ್ನೇ ನೋಡುತ್ತ ನಿಂತಿದ್ದ.

ಸ್ಟೀಲಿನ ಲೋಟದಲ್ಲಿ ನೊರೆ ಹೊತ್ತ ಕಾಫಿ ಬಂತು. ಪರಮೇಶ್ವರಪ್ಪ ಸುತ್ತಲೂ ಒಮ್ಮೆ ನೋಡಿದ. ಇಷ್ಟು ಜನ ಕಾಯುತ್ತಿರುವಾಗ ಎಲ್ಲರ ಹಾಗೆ ಸುಮ್ಮನೆ ಕುಡಿದುಬಿಟ್ಟರೆ ಅದರಲ್ಲಿ ಏನು ಬಂತು? ಇವರಿಗೆ ಏನಾದರೂ ವಿಶೇಷ ಮರ್ಯಾದೆ ಮಾಡಬೇಕು. ತನ್ನ ಹತ್ತಿರ ಇರುವುದರಲ್ಲಿ ವಿಶೇಷವಾದದ್ದು ಆ ವಿದ್ಯೆಯೊಂದೇ.

ಅವನು ಒಂದು ಚಮಚ ಕೇಳಿದ. ಸಕ್ಕರೆ ಕಲಕಲಿಕ್ಕೆಂದು ತಿಳಿದು ಹುಲಿಗೆಮ್ಮ ತಂದುಕೊಟ್ಟಳು. ಅವನು ಲೋಟದೊಳಗೆ ಮೂಗು ಇಳಿಸಿದ. ಹೊನ್ನಯ್ಯನ ಮುಖ ಅಷ್ಟಕ್ಕೇ ಬಿಗಿಯಿತು. ಆಮೇಲೆ ಚಮಚ ಎದ್ದಿತು, ಸೊರ್ರೆಂಬ ಸದ್ದು ಬೀದಿಯ ಆಚೆ ತುದಿಗೂ ಕೇಳಿಸಿತು. ಪರಮೇಶ್ವರಪ್ಪ ಕಣ್ಣು ಮುಚ್ಚಿ, ಕೆನ್ನೆಯಿಂದ ಕೆನ್ನೆಗೆ ಕಾಫಿಯನ್ನು ಹೊರಳಿಸಿ, ಕಣ್ಣು ತೆರೆದು ಅತ್ತಿತ್ತ ನೋಡಿದ. ಕೈಗೆ ಹತ್ತಿರವಿದ್ದದ್ದು ಕುಡಿಯಲೆಂದು ಇಟ್ಟಿದ್ದ ನೀರಿನ ಚೊಂಬು. ಅದನ್ನೆತ್ತಿ, ಒಂದು ಹನಿಯೂ ಹೊರಗೆ ಸಿಡಿಯದ ಹಾಗೆ, ಕಲಿತ ಪ್ರಕಾರವೇ, ಅದರೊಳಕ್ಕೆ ಉಗುಳಿದ.

“ಎಂಬತ್ತೆರಡು,” ಎಂದ.

ಬಾಗಿಲಲ್ಲಿದ್ದ ಮುದುಕ ಒರಗಿದ್ದವನು ನೆಟ್ಟಗಾದ. ಹೊನ್ನಯ್ಯ ಬಹಳ ಮೆಲ್ಲಗೆ ಕೇಳಿದ: “ಅಣ್ಣಾ, ಅದ್ರಲ್ಲಿ ಏನಾದ್ರೂ ಬಿದ್ದಿತ್ತಾ?”

“ಛೆ, ಏನಿಲ್ಲ. ಹುಳಿ ಒಂಚೂರು ಕಮ್ಮಿ. ಕೊನೇಲಿ ಸ್ವಲ್ಪ ಚೀಲದ ವಾಸನೆ ಬರುತ್ತೆ, ಅದು ನಿಮ್ಮ ತಪ್ಪಲ್ಲ. ಆದ್ರೂ ಈ ಕಡೆಯವರ ಮನೇಲಿ ಎಂಬತ್ತೆರಡು ಅಂದ್ರೆ ಕಮ್ಮಿ ಅಲ್ಲ ಹೊನ್ನಯ್ಯ.”

ಈ ಕಡೆ ಎಂದು ಅವನು ಹೇಳಿದ್ದು ಭದ್ರಾವತಿಯ ಕಡೆಗೆ. ಬೀದಿ ಅದನ್ನು ಕೇಳಿಸಿಕೊಂಡದ್ದು ಹಾಗಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಹುಲಿಗೆಮ್ಮ ಎದ್ದಳು. ಚೊಂಬಿನ ಕಂಠವನ್ನು ಎರಡೇ ಬೆರಳಲ್ಲಿ ಹಿಡಿದು, ಕೈಯನ್ನು ಮೈಯಿಂದ ದೂರ ಚಾಚಿಕೊಂಡು, ಎಲ್ಲರ ಎದುರಿಗೆ ಮುಂಬಾಗಿಲಿನಿಂದ ಹೊರಗೆ ಹೋದಳು. ಚರಂಡಿಗೆ ಅದನ್ನು ಬಗ್ಗಿಸಿದಳು. ಚೊಂಬನ್ನು ಚರಂಡಿಯ ಕಲ್ಲಿನ ಮೇಲೆಯೇ ಬೋರಲು ಹಾಕಿ ಬರಿಗೈಯಲ್ಲಿ ಒಳಗೆ ಬಂದಳು. ನೂರು ವರ್ಷ ಈ ಬೀದಿಯವರು ಮುಟ್ಟಿದ ಪಾತ್ರೆಗೆ ಅಂಥ ಜಮೀನುದಾರರು ಮಾಡಿದ್ದನ್ನು, ಅವರು ಮುಟ್ಟಿದ ಪಾತ್ರೆಗೆ ಇವರು ಮಾಡಿದ್ದು ಆ ಬೀದಿಯ ಇತಿಹಾಸದಲ್ಲಿ ಅದೇ ಮೊದಲು.

“ಹೊತ್ತಾಯ್ತು. ಇನ್ನು ಶಿವಮೊಗ್ಗಕ್ಕೆ ಬಸ್ ಸಿಗಲ್ಲ ನಿಮಗೆ,” ಎಂದಳು.

ಆಗ ಗಂಟೆ ಹನ್ನೊಂದು. ಶಿವಮೊಗ್ಗಕ್ಕೆ ಐದೈದು ನಿಮಿಷಕ್ಕೆ ಬಸ್ಸಿತ್ತು. ಮೂವರೂ ಎದ್ದು ಬಂದರು.

ಬಸ್ಸಿನಲ್ಲಿ ಲಿಖಿತಾ ಡ್ರೈವರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ವಿಶಾಲಮ್ಮ ಅರ್ಧ ದಾರಿಯವರೆಗೆ ಕಿಟಕಿಯನ್ನೇ ನೋಡುತ್ತಿದ್ದು, ಕೊನೆಗೆ, ನುಂಗಿದ್ರೆ ಸಾಯ್ತಿದ್ರೇನ್ರೀ ಎಂದು ಕೇಳಿದಳು. ಅದು ಪರೀಕ್ಷೆಯ ಕ್ರಮ ಮಾರಾಯ್ತಿ ಎಂದು ಅವನು ಶುರುಮಾಡಿದ್ದೇ ತಡ, ಅವಳು ಎದ್ದು ಹೋಗಿ ಮಗಳ ಪಕ್ಕ ಕೂತಳು. ಮನೆ ಸೇರಿದ ಮೇಲೆ ಮಗಳು ಹೇಳಿದ್ದು ಇಷ್ಟೇ: ಯುವರಾಜನ ಅಮ್ಮ ಒಪ್ಪದೆ ಅವನು ಮದುವೆಯಾಗುವುದಿಲ್ಲವಂತೆ, ಅವರು ಒಪ್ಪುವವರೆಗೆ ತಾನು ಈ ಮನೆಯಲ್ಲಿ ಅಪ್ಪನೊಂದಿಗೆ ಮಾತನಾಡುವುದಿಲ್ಲ.

ಮಗಳು ಬಾಯಿ ಮುಚ್ಚಿದ ಹೊತ್ತಿಗೆ ಊರು ಬಾಯಿ ತೆರೆಯಿತು. ಸಂಜೆ ಶೇಷಪ್ಪ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದ. ಬಂದವನೇ, ಅರವತ್ತೊಂದು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸ ಮಾಡಿದ: ತಮ್ಮನನ್ನು ತಬ್ಬಿಕೊಂಡ. ಭದ್ರಾವತಿಯ ಸುದ್ದಿ ಸಂಘದ ವಾಟ್ಸಾಪ್ ಗುಂಪಿಗೆ ಮಧ್ಯಾಹ್ನವೇ ಬಂದಿತ್ತು.

“ನಾನು ನಿನ್ನನ್ನ ಮೆತ್ತಗಿನವನು ಅಂತಿದ್ದೆ ಕಣೋ ಪರಮೇಶಿ. ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಜಗಳ, ಕೋರ್ಟು, ಕಚೇರಿ. ನೀನು ಕೂತು, ಕುಡಿದಂಗೆ ಮಾಡಿ, ಮುಖದ ಮುಂದೇನೇ ಉಗುಳಿ ಬಂದೆ. ಅಪ್ಪ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು.”

ಪರಮೇಶ್ವರಪ್ಪ ಗಾಬರಿಯಾಗಿ ತರಬೇತಿಯ ವಿಷಯ, ನಲವತ್ತು ಲೋಟದ ವಿಷಯ, ನುಂಗಬಾರದ ನಿಯಮ ಎಲ್ಲವನ್ನೂ ಹೇಳಿದ. ಗೋಡೆಯ ಮೇಲಿನ ಪಟವನ್ನು ತೋರಿಸಿದ. ಶೇಷಪ್ಪ ಗಮನವಿಟ್ಟು ಕೇಳಿ, ಕೊನೆಗೆ ಒಂದು ಕಣ್ಣು ಮಿಟುಕಿಸಿದ. ಹೌದು, ಯಾರಾದರೂ ಕೇಸು ಹಾಕಿದರೆ ಹೀಗೇ ಹೇಳು, ಒಂದಕ್ಷರವೂ ಬದಲಾಯಿಸಬೇಡ ಎಂದ.

ಮರುದಿನದಿಂದ ಪರಮೇಶ್ವರಪ್ಪನಿಗೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟವಾಯಿತು, ಎಲ್ಲರೂ ಗೌರವಿಸತೊಡಗಿದ್ದರು. ಹಾಲಿನ ಬೂತಿನವನು ಸಾಲಿನಲ್ಲಿ ಮುಂದಕ್ಕೆ ಕರೆದ. ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರ್ ಒಬ್ಬ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕೈಮುಗಿದ. ಅವನು ನಿಜ ಹೇಳಿದಷ್ಟೂ ಜನ ಅವನ ಜಾಣತನಕ್ಕೆ ತಲೆದೂಗಿದರು. ಮುಂದಿನ ಭಾನುವಾರ ಸಮುದಾಯ ಭವನದಲ್ಲಿ ಅವನಿಗೆ ಸನ್ಮಾನವೆಂದು ಸಂಘ ನಿರ್ಧರಿಸಿತು. ಆಹ್ವಾನ ಪತ್ರಿಕೆಯಲ್ಲಿ ‘ಕಾಫಿ ಪರಿಣತರಿಗೆ ಸನ್ಮಾನ’ ಎಂದು ಅಚ್ಚಾಯಿತು. ಈ ದೇಶದಲ್ಲಿ ನೀಚತನಕ್ಕೆ ಒಳ್ಳೆಯ ಹೆಸರು ಹುಡುಕಿಕೊಡುವ ಕೆಲಸ ಯಾವತ್ತೂ ನಿಂತಿಲ್ಲ.

ಗುರುವಾರ ಪರಮೇಶ್ವರಪ್ಪ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿ, ಟವೆಲಿನಲ್ಲಿ ಸುತ್ತಿ, ಒಬ್ಬನೇ ಭದ್ರಾವತಿಯ ಬಸ್ಸು ಹತ್ತಿದ.

ಹೊನ್ನಯ್ಯನ ಮನೆಯಲ್ಲಿ ಬೀದಿಯವರು ಏಳೆಂಟು ಜನ ಕೂತಿದ್ದರು. ಪೊಲೀಸ್ ಸ್ಟೇಷನ್ನಿಗೆ ಹೋಗಬೇಕೋ ಬೇಡವೋ ಎಂಬುದೇ ಚರ್ಚೆ. ಹೋಗಲೇಬೇಕೆಂದು ಅವರು; ಎಷ್ಟಾದರೂ ಮಗ ಮೆಚ್ಚಿದ ಹುಡುಗಿಯ ಅಪ್ಪನಲ್ಲವೇ, ಇನ್ನೊಂದು ದಿನ ನೋಡೋಣವೆಂದು ಹೊನ್ನಯ್ಯ. ಆರೋಪಿಯೇ ಪಟ ಹಿಡಿದು ಬಾಗಿಲಲ್ಲಿ ನಿಂತಾಗ ಎಲ್ಲರ ಮಾತೂ ನಿಂತಿತು. ಬಾ ಎಂದು ಯಾರೂ ಹೇಳಲಿಲ್ಲ. ಯುವರಾಜ ಎದ್ದು ಒಳಗೆ ಹೋದ. ಪರಮೇಶ್ವರಪ್ಪ ನಿಂತೇ ಎಲ್ಲವನ್ನೂ ಒದರಿದ. ಹೊನ್ನಯ್ಯ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದ.

“ಭಾಗವಹಿಸಿದ್ದಾರೆ ಅಂತ ಐತೆ,” ಎಂದ.

ಅದನ್ನು ಮೊದಲ ಸಲ ಒಬ್ಬ ಮನುಷ್ಯ ಓದಿದ್ದ. ಪರಮೇಶ್ವರಪ್ಪ ತಲೆ ತಗ್ಗಿಸಿದ. ಪರೀಕ್ಷೆ ಮಾಡುವವರೆಲ್ಲ ಉಗುಳುತ್ತಾರೆ, ಇದರಲ್ಲಿ ಜಾತಿಯಿಲ್ಲ, ಬೇಕಾದರೆ ಚಿಕ್ಕಮಗಳೂರಿಗೆ ಫೋನು ಮಾಡಿ ಕೇಳಿ ಎಂದು ಹೇಳಿದ.

ಅಲ್ಲಿಯವರೆಗೆ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದ ಹುಲಿಗೆಮ್ಮ ಕೈ ನಿಲ್ಲಿಸಿದಳು.

“ನಿಮ್ಮಣ್ಣನ ಮನೇಲಿ ಕಾಫಿ ಕೊಡ್ತಾರಾ?”

ಕೊಡ್ತಾರೆ ಎಂದ.

“ಅಲ್ಲಿ ಉಗುಳಿದ್ದೀರಾ?”

ಪರಮೇಶ್ವರಪ್ಪ ಬಾಯಿ ತೆರೆದ. ಹೋದ ತಿಂಗಳಷ್ಟೇ ಅಣ್ಣನ ಮನೆಯಲ್ಲಿ ತಳ ಹಿಡಿದ ಹಾಲಿನ ಕಾಫಿಯನ್ನು ಎರಡು ಲೋಟ ಕುಡಿದು, ಅತ್ತಿಗೆಗೆ ಬಹಳ ಚೆನ್ನಾಗಿದೆಯೆಂದು ಹೇಳಿ ಬಂದಿದ್ದ. ರೆವಿನ್ಯೂ ಇನ್‌ಸ್ಪೆಕ್ಟರನ ಗೃಹಪ್ರವೇಶದಲ್ಲಿ ಪಾತ್ರೆ ತೊಳೆದ ನೀರಿನಂಥದ್ದನ್ನು ಕೊಟ್ಟಿದ್ದರು, ಕುಡಿದಿದ್ದ. ಸರ್ಟಿಫಿಕೇಟ್ ಬಂದ ಮೇಲೆ ಎಷ್ಟು ಮನೆ, ಎಷ್ಟು ಮದುವೆ, ಎಷ್ಟು ತಿಥಿ. ಒಂದು ಕಡೆಯಾದರೂ ಚಮಚ ಕೇಳಿದ್ದು ನೆನಪಿಗೆ ಬರಲಿಲ್ಲ.

“ಅಲ್ಲೆಲ್ಲ ಹೇಗೆ... ಸಂಕೋಚ ಆಗುತ್ತಲ್ಲ,” ಎಂದ.

“ಇಲ್ಲಿ ಆಗ್ಲಿಲ್ಲ,” ಎಂದಳು ಹುಲಿಗೆಮ್ಮ.

ಸ್ಟೇಷನ್ನಿಗೆ ಹೋಗಬೇಕೆಂದು ಕೂಗಾಡುತ್ತಿದ್ದವರು ಕೂಡ ಆ ಎರಡು ಪದಗಳ ಮುಂದೆ ಸುಮ್ಮನಾದರು. ಪರಮೇಶ್ವರಪ್ಪ ಕಾಲಿಗೆ ಬೀಳುವವನಂತೆ ಬಗ್ಗಿದ. ಹುಲಿಗೆಮ್ಮ ಅವರೆಕಾಯಿಯ ಮೊರವನ್ನು ನಡುವೆ ತಳ್ಳಿದಳು.

“ಬೀಳೋದು ಬ್ಯಾಡ. ತಪ್ಪಾಯ್ತು ಅನ್ನೋದೂ ಬ್ಯಾಡ. ಪರೀಕ್ಷೆ ಅಂತೀರಲ್ಲ, ಭಾನುವಾರ ನಿಮಗೆ ಶಾಲು ಹೊದಿಸ್ತಾರಂತೆ, ಅಲ್ಲಿ ಮಾಡಿ ಅದನ್ನ. ನಿಮ್ಮಣ್ಣನ ಮನೆ ಕಾಫೀನ, ನಿಮ್ಮೋರೆಲ್ಲರ ಎದುರಿಗೆ ಉಗುಳಿ. ಆಗ ನಂಬ್ತೀನಿ ಇದು ಪರೀಕ್ಷೆ ಅಂತ. ಇಲ್ದಿದ್ರೆ ಈ ಸಂಬಂಧ ಇಲ್ಲಿಗೆ ಸಾಕು.”

ಭಾನುವಾರ ಬಂತು. ಸಮುದಾಯ ಭವನದಲ್ಲಿ ಇನ್ನೂರು ಕುರ್ಚಿ, ಇನ್ನೂರಕ್ಕೂ ಜನ. ವೇದಿಕೆಯ ಮೇಲೆ ಮೈಸೂರು ಪೇಟ, ಶಾಲು, ಗಂಧದ ಹಾರ, ಫಲತಾಂಬೂಲ ಕೊಡಲು ಬೆಳ್ಳಿ ಬಣ್ಣದ ದೊಡ್ಡ ತಟ್ಟೆ. ಕಾಫಿಯನ್ನು ಶೇಷಪ್ಪನ ಹೆಂಡತಿಯೇ ಮನೆಯಲ್ಲಿ ಮಾಡಿ ಫ್ಲಾಸ್ಕುಗಳಲ್ಲಿ ತಂದಿದ್ದಳು. ಪರಿಣತನಿಗೆ ಸನ್ಮಾನವಲ್ಲವೇ, ಈ ಸಲ ಹಾಲು ತಳ ಹಿಡಿಯದ ಹಾಗೆ ನಿಂತು ಕಲಕಿದ್ದಳು. ಮೂರನೆಯ ಸಾಲಿನಲ್ಲಿ ವಿಶಾಲಮ್ಮನ ಪಕ್ಕ ಲಿಖಿತಾ ಫೋನನ್ನು ಎತ್ತಿ ಹಿಡಿದು ಕೂತಿದ್ದಳು. ಫೋನಿನೊಳಗೆ ಅಂಗೈಯಗಲದ ಹುಲಿಗೆಮ್ಮ ಕೂತಿದ್ದಳು.

ಮೊದಲು ಪರಿಣತರು ರುಚಿ ನೋಡಿ ಆಶೀರ್ವದಿಸಲಿ ಎಂದು ಘೋಷಣೆಯಾಯಿತು. ಪರಮೇಶ್ವರಪ್ಪ ಲೋಟ ಎತ್ತಿ ಬಾಯಿ ತುಂಬ ಕಾಫಿ ತೆಗೆದುಕೊಂಡ. ದುರದೃಷ್ಟವೆಂದರೆ ಅದು ಅವನ ಜನ್ಮದಲ್ಲೇ ಕುಡಿದ ಎಲ್ಲಕ್ಕಿಂತ ಒಳ್ಳೆಯ ಕಾಫಿ. ಹದವಾದ ಹುಳಿ, ಕೊನೆಯಲ್ಲಿ ಸುಟ್ಟ ಬೆಲ್ಲದಂಥ ಕಹಿ, ನಾಲಿಗೆಗೆ ರೇಷ್ಮೆ. ನಾಲಿಗೆ ಅದನ್ನು ಗಂಟಲಿಗೆ ಕಳಿಸಲು ಹೊರಟಿತು. ಮೂರನೆಯ ಸಾಲು ಕಂಡಿತು. ನಾಲಿಗೆ ನಿಂತಿತು. ಉಗುಳೋಣವೆಂದು ತಟ್ಟೆಯ ಕಡೆ ತಿರುಗಿದ. ಅಲ್ಲಿ ಅಣ್ಣ ನಿಂತಿದ್ದ. ಕೆನ್ನೆ ಉಬ್ಬಿಸಿಕೊಂಡು ಹಾಗೆಯೇ ಕೂತುಬಿಟ್ಟ.

ಸಭೆಗೆಲ್ಲ ಕಾಫಿ ಹಂಚುತ್ತಿದ್ದಂತೆ ಶೇಷಪ್ಪ ಭಾಷಣ ಶುರುಮಾಡಿದ. ಮನೆತನದ ಮಾತು, ಹಿರಿಯರು ಕಾಪಾಡಿದ ಶುದ್ಧಿಯ ಮಾತು, ತಮ್ಮನಿಗೆ ತಾನು ಸ್ಲೇಟು ಕೊಡಿಸಿದ ಮಾತು. ಬಾಯಲ್ಲಿದ್ದ ಕಾಫಿ ಬಿಸಿಯಿಂದ ಬೆಚ್ಚಗೆ, ಬೆಚ್ಚಗಿನಿಂದ ತಣ್ಣಗೆ ಆಯಿತು. ಪರಮೇಶ್ವರಪ್ಪ ಮೂಗಿನಲ್ಲಿ ಉಸಿರಾಡುತ್ತಿದ್ದ. ಕಣ್ಣಲ್ಲಿ ನೀರು ತುಂಬಿತು. ಮೊದಲ ಸಾಲಿನ ರೆವಿನ್ಯೂ ಇನ್‌ಸ್ಪೆಕ್ಟರ್ ಪಕ್ಕದವನಿಗೆ, ಪಾಪ ದುಃಖ ಉಮ್ಮಳಿಸಿದೆ ಎಂದ. ಶಾಲು ಬಂತು, ಹಾರ ಬಂತು, ಪೇಟ ಕಿವಿಯವರೆಗೆ ಇಳಿಯಿತು. ಎಂಟು ನಿಮಿಷ, ಹತ್ತು ನಿಮಿಷ. ಲಿಖಿತಾ ಫೋನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. ಒಳಗಿದ್ದವಳು ಕದಲಲಿಲ್ಲ.

“ನಮ್ಮ ಪರಮೇಶಿ ಈಗ ಎರಡು ಮಾತಾಡ್ತಾನೆ,” ಎಂದು ಶೇಷಪ್ಪ ಮೈಕನ್ನು ತಮ್ಮನ ಬಾಯಿಗೆ ಹಿಡಿದ.

ಮಾತನಾಡಬೇಕಾದರೆ ಬಾಯಿ ಖಾಲಿಯಾಗಬೇಕು. ಖಾಲಿಯಾಗಲು ಇದ್ದದ್ದು ಎರಡೇ ದಾರಿ. ಒಳಗಿನ ದಾರಿ ಹಿಡಿದರೆ ಅಣ್ಣ ಉಳಿಯುತ್ತಾನೆ, ಹೊರಗಿನ ದಾರಿ ಹಿಡಿದರೆ ಮಗಳು. ಮೈಕಿನಲ್ಲಿ ಅವನ ಮೂಗಿನ ಉಸಿರು ಮಾತ್ರ ಕೇಳುತ್ತಿತ್ತು. ಪರಮೇಶ್ವರಪ್ಪ ಅಣ್ಣನ ಮುಖ ನೋಡಿದ, ಬಗ್ಗಿದ, ಬೆಳ್ಳಿ ಬಣ್ಣದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಮೈಕು ಆ ಸದ್ದನ್ನು ಸ್ವಲ್ಪವೂ ಬಿಡದೆ ಇನ್ನೂರು ಜನಕ್ಕೂ ಹಂಚಿತು.

“ತೊಂಬತ್ತೊಂದು,” ಎಂದ. “ಅತ್ತಿಗೆ, ಕಾಫಿಗೆ ಏನೂ ಐಬಿಲ್ಲ. ನಾನು ಉಗುಳಿದ್ದು ಈ ಶಾಲಿಗೆ. ಹೋದ ವಾರ ಉಗುಳಬಾರದ ಕಡೆ ಉಗುಳಿದೆ, ನೀವು ಅದಕ್ಕೆ ಇದನ್ನ ಹೊದಿಸಿದ್ರಿ.”

ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನಲ್ಲಿ ಯಾರೋ ಫ್ಲಾಸ್ಕಿಗೆ ಹಲ್ಲಿ ಬಿದ್ದಿದೆ ಎಂದರು. ಉಗುಳಿದ್ದು ಮಾತ್ರ ಕಂಡಿದ್ದ, ಕಾರಣ ಕೇಳಿಸಿಕೊಳ್ಳುವ ಅಭ್ಯಾಸವಿಲ್ಲದ ಸಮಾಜ ಎದ್ದು ನಲ್ಲಿಯ ಕಡೆ ಓಡಿತು. ರೆವಿನ್ಯೂ ಇನ್‌ಸ್ಪೆಕ್ಟರ್ ಬೆರಳು ಹಾಕಿ ವಾಂತಿ ಮಾಡುವ ಪ್ರಯತ್ನದಲ್ಲಿದ್ದ. ಅತ್ತಿಗೆ ಯಾವ ಹಲ್ಲಿಯೂ ಬಿದ್ದಿಲ್ಲವೆಂದು ಫ್ಲಾಸ್ಕು ಬಗ್ಗಿಸಿ ಬಗ್ಗಿಸಿ ತೋರಿಸುತ್ತಿದ್ದಳು. ವೇದಿಕೆಯ ಮೇಲೆ ನಿಜವನ್ನು ಸರಿಯಾಗಿ ಕೇಳಿಸಿಕೊಂಡವನು ಶೇಷಪ್ಪನೊಬ್ಬನೇ. ಅವನು ತಮ್ಮನ ಹೆಗಲಿನಿಂದ ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿದ, ತಲೆಯ ಪೇಟವನ್ನು ಎತ್ತಿಕೊಂಡ.

“ನನ್ನ ಹೊಸಿಲು ಇನ್ನು ತುಳೀಬೇಡ,” ಎಂದ.

ಪರಮೇಶ್ವರಪ್ಪ ಅಣ್ಣನ ಕಾಲು ಮುಟ್ಟಲು ಬಗ್ಗಿದ. ಕಾಲು ಹಿಂದೆ ಸರಿಯಿತು.

ಹೆಂಡತಿ, ಮಗಳ ಜೊತೆ ಅವನು ಅಲ್ಲಿಂದ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದ. ಈ ಸಲ ಭದ್ರಾವತಿಯ ಬಸ್ಸಿನಲ್ಲಿ ಮೂವರೂ ಮೂರು ಜನದ ಸೀಟಿನಲ್ಲೇ ಕೂತರು.

ಹೊನ್ನಯ್ಯನ ಬೀದಿ ಮತ್ತೆ ಕಿಟಕಿಗೆ ಬಂದಿತ್ತು. ಆ ಮುದುಕ ಮತ್ತೆ ಬಾಗಿಲಿಗೆ ಬಂದಿದ್ದ. ಯುವರಾಜ ಕುರ್ಚಿ ಹಾಕಿದ. ಹುಲಿಗೆಮ್ಮ ಒಳಗೆ ಹೋಗಿ, ಸೆರಗಿನಲ್ಲಿ ಹಿಡಿದ ಲೋಟ ತಂದು ಮುಂದೆ ಚಾಚಿದಳು. ಕುದಿಯುವುದು ಇನ್ನೂ ನಿಂತಿರದ ಕಾಫಿ. ಪರಮೇಶ್ವರಪ್ಪ ಎರಡೂ ಕೈಯಲ್ಲಿ ಈಸಿಕೊಂಡ, ಮೂಸಲಿಲ್ಲ, ಅತ್ತಿತ್ತ ನೋಡಲಿಲ್ಲ, ತಲೆ ಹಿಂದಕ್ಕೆ ಬಾಗಿಸಿ ಒಂದೇ ಗುಟುಕಿಗೆ ಅರ್ಧ ಲೋಟ ಇಳಿಸಿದ. ಮುಖ ಕೆಂಪಾಯಿತು, ಕಣ್ಣು ಹೊರಬಂತು, ಸುಟ್ಟ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಉಳಿದರ್ಧವನ್ನೂ ಎತ್ತಿದ. ಹುಲಿಗೆಮ್ಮ ಅವನ ಮುಂಗೈ ಹಿಡಿದು ತಡೆದಳು.

“ನಿಧಾನಕ್ಕೆ ಕುಡೀರಿ ಬೀಗರೇ,” ಎಂದಳು. “ಇಲ್ಲಿ ಯಾರೂ ಕಿತ್ಕೊಳ್ಳಲ್ಲ.”